ಶುನಃಶೇಪನೂ ಅವನ ತಂದೆಯೂ

ನಮ್ಮ ಪ್ರಾಚೀನ ವಾಙ್ಮಯದಲ್ಲಿ ಕಠಿಣಹೃದಯರಾದ ತಂದೆಯರು ವಿರಳರಲ್ಲ. ವಾಜಶ್ರವಸನು ಯಾಗದಲ್ಲಿ ಬತ್ತಿದ ಹಸುಗಳನ್ನು ದಾನಮಾಡುತ್ತಿದ್ದಾಗ, ತನ್ನನ್ನು ಯಾರಿಗೆ ಕೊಡುವುದೆಂದು ಮಗನು ಮತ್ತೆಮತ್ತೆ ಕೇಳಿದುದಕ್ಕೆ ಸಿಟ್ಟುಗೊಂಡು ಅವನನ್ನು ಮೃತ್ಯುವಿಗೇ ಕೊಟ್ಟುಬಿಟ್ಟನು. ಕಹೋಡನು ತನ್ನ ಅಧ್ಯಯನದ ದೋಷವನ್ನು ಗರ್ಭಸ್ಥಶಿಶುವು ಎತ್ತಿ ಆಡಿತೆಂಬ ಕಾರಣಕ್ಕೆ ಅದರ ಎಂಟು ಅಂಗಗಳೂ ವಕ್ರವಾಗಲೆಂದು ಶಪಿಸಿದನು. ಹಿರಣ್ಯಕಶಿಪುವಿನ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಆದರೆ ಈ ಕಥೆಗಳೆಲ್ಲದರ ಕೊನೆಯಲ್ಲಿಯೂ ಒಂದು ಸಮಾಧಾನವು ಕಾದಿರುತ್ತದೆ. ನಚಿಕೇತನು ಯಮನಿಂದ ಬೇಡಿದ ಮೊದಲನೆಯ ವರವೇ ತಂದೆಯ ಕೋಪವು ಶಮನವಾಗಲೆಂಬುದು. ಅಷ್ಟಾವಕ್ರನು ಜನಕನ ಸಭೆಯಲ್ಲಿ ವಂದಿಯನ್ನು ಸೋಲಿಸಿ, ನೀರಿನಲ್ಲಿ ಮುಳುಗಿಸಲ್ಪಟ್ಟಿದ್ದ ತಂದೆಯನ್ನು ಹಿಂದಕ್ಕೆ ಪಡೆದನು. ಆ ತಂದೆಯ ಮಾತಿನಂತೆಯೇ ಸಮಂಗಾ ನದಿಯಲ್ಲಿ ಮುಳುಗಿ ಎದ್ದು ನೆಟ್ಟಗಾದನು. ಪ್ರಹ್ಲಾದನು ತನ್ನನ್ನು ಕೊಲ್ಲಿಸಲೆಳಸಿದ ತಂದೆಯು ಪಾಪದಿಂದ ಶುದ್ಧನಾಗಲೆಂದು ನರಸಿಂಹನನ್ನು ಪ್ರಾರ್ಥಿಸಿದನು. ಮಗನು ಎಷ್ಟೇ ದೂರ ಹೋದರೂ ಕಥೆಯು ಅವನನ್ನು ತಂದೆಯ ಹತ್ತಿರಕ್ಕೆ ಕೈಹಿಡಿದು ಕರೆತರುತ್ತದೆ.

ಈ ಪದ್ಧತಿಗೆ ಹೊರತಾಗಿ ನಿಂತವನು ಒಬ್ಬನೇ ಒಬ್ಬನೆಂದರೆ ಅತಿಶಯೋಕ್ತಿಯಾಗಲಾರದು. ತಂದೆಯು ಎದುರಿಗೆ ನಿಂತು, ತಪ್ಪನ್ನು ಒಪ್ಪಿಕೊಂಡು, ಬಾ ಎಂದು ಕರೆದರೂ ಬರಲೊಲ್ಲೆನೆಂದು ಹೇಳಿದ ಮಗನು ಅವನು. ಹೇಳಿದುದು ತಪ್ಪೆಂದು ಅವನ ಕಥೆಯನ್ನು ಮೊದಲು ಬರೆದವರು ಎಲ್ಲಿಯೂ ಸೂಚಿಸಿಲ್ಲ. ಋಗ್ವೇದಕ್ಕೆ ಸೇರಿದ ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆಯಲ್ಲಿ, ಮೂವತ್ತಮೂರನೆಯ ಅಧ್ಯಾಯವನ್ನು ಪೂರ್ತಿಯಾಗಿ ಆವರಿಸಿರುವ ಶೌನಃಶೇಪಾಖ್ಯಾನವೇ ಅದು. ಬುದ್ಧನ ಕಾಲಕ್ಕಿಂತಲೂ ಹಿಂದಿನದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ಈ ಗದ್ಯಗ್ರಂಥದಲ್ಲಿ, ಯಜ್ಞವಿಧಿಗಳ ನಡುವೆ, ಗಾಥೆಗಳಿಂದ ಕೂಡಿದ ಇಂತಹ ಕಥನವು ಬಂದಿರುವುದೇ ಒಂದು ವಿಶೇಷವು.

ಕನ್ನಡದ ಮನೆಗಳಲ್ಲಿ ಹರಿಶ್ಚಂದ್ರನೆಂದೊಡನೆ ರಾಘವಾಂಕನ ಕಾವ್ಯವೇ ನೆನಪಿಗೆ ಬರುವುದು ಸಹಜ. ಅಲ್ಲಿ ಕಾಶಿಯ ಬೀದಿಯಲ್ಲಿ ಹೆಂಡತಿಯನ್ನೂ ಮಗ ಲೋಹಿತಾಶ್ವನನ್ನೂ ಮಾರುವ ರಾಜನು ಸತ್ಯಕ್ಕಾಗಿ ಮಾರುತ್ತಾನೆ; ಕೇಳುವವರ ಕಣ್ಣೀರೆಲ್ಲವೂ ಮಾರುವವನ ಕಡೆಗೇ ಹರಿಯುತ್ತದೆ. ಐತರೇಯದ ಹರಿಶ್ಚಂದ್ರನು ಬೇರೆಯವನು. ಇಕ್ಷ್ವಾಕುವಂಶದವನಾದ ಇವನಿಗೆ ನೂರು ಮಂದಿ ಪತ್ನಿಯರಿದ್ದರೂ ಪುತ್ರಸಂತಾನವಿರಲಿಲ್ಲ. ತಿಳಿದವರೂ ತಿಳಿಯದವರೂ ಪುತ್ರನನ್ನು ಏಕೆ ಬಯಸುತ್ತಾರೆ, ಅವನಿಂದ ದೊರೆಯುವುದೇನು ಎಂದು ಮನೆಯಲ್ಲಿದ್ದ ನಾರದನನ್ನು ಅವನು ಒಂದು ಗಾಥೆಯಿಂದ ಕೇಳಿದನು. ನಾರದನು ಹತ್ತು ಗಾಥೆಗಳಿಂದ ಉತ್ತರಕೊಟ್ಟನು. ಮಗನ ಮೂಲಕ ತಂದೆಯು ಋಣವನ್ನು ತೀರಿಸುವನು, ಅಮೃತತ್ವವನ್ನು ಪಡೆಯುವನು, ಕತ್ತಲೆಯನ್ನು ದಾಟುವನು, ತಾನೇ ಮರಳಿ ಹುಟ್ಟುವನು ಎಂಬುದು ಆ ಉತ್ತರದ ಸಾರಾಂಶ. ಗಮನಿಸಿ ನೋಡಿದರೆ, ಮಗನಿಂದ ತಂದೆಗೆ ಏನು ಲಾಭವೆಂಬುದನ್ನೇ ಈ ಗಾಥೆಗಳು ಎಣಿಸುತ್ತವೆ. ತಂದೆಯಿಂದ ಮಗನಿಗೆ ಏನು ಸಲ್ಲಬೇಕೆಂಬ ಪ್ರಶ್ನೆಯನ್ನು ರಾಜನು ಕೇಳಲಿಲ್ಲ. ಋಷಿಯೂ ತಾನಾಗಿ ಹೇಳಲಿಲ್ಲ. ಆಖ್ಯಾನದ ಮುಂದಿನ ಭಾಗವೆಲ್ಲವೂ ಕೇಳದೆ ಬಿಟ್ಟ ಆ ಪ್ರಶ್ನೆಗೆ ಉತ್ತರದಂತಿದೆ.

ನಾರದನ ಉಪದೇಶದಂತೆ ರಾಜನು ವರುಣನನ್ನು ಮೊರೆಹೊಕ್ಕು, ಮಗನು ಹುಟ್ಟಿದರೆ ಅವನಿಂದಲೇ ನಿನಗೆ ಯಜಿಸುವೆನೆಂದು ಹರಸಿಕೊಂಡನು. ರೋಹಿತನು ಹುಟ್ಟಿದನು. ವರುಣನು ಬಂದು ಕೇಳಿದಾಗಲೆಲ್ಲ ರಾಜನು ಒಂದೊಂದು ನೆಪವನ್ನು ಹೇಳಿದನು: ಹತ್ತು ದಿನ ಕಳೆಯಲಿ, ಹಲ್ಲು ಮೂಡಲಿ, ಆ ಹಲ್ಲು ಬೀಳಲಿ, ಮತ್ತೆ ಹುಟ್ಟಲಿ, ಕವಚವನ್ನು ತೊಡುವ ವಯಸ್ಸು ಬರಲಿ. ದೇವನು ಪ್ರತಿಯೊಂದು ಸಲವೂ ಒಪ್ಪಿ ಹಿಂದಿರುಗಿದನು. ಮಗುವಿನ ಹಲ್ಲುಗಳನ್ನು ಎಣಿಸುತ್ತ ಕಾಲವನ್ನು ನೂಕುವ ಈ ತಂದೆಯಲ್ಲಿ ಪ್ರೇಮವಿಲ್ಲವೆಂದು ಹೇಳಲಾಗದು. ಆದರೆ ಆ ಪ್ರೇಮಕ್ಕೆ ಧೈರ್ಯವಿರಲಿಲ್ಲ. ಕಡೆಗೆ ನೆಪಗಳೆಲ್ಲ ಮುಗಿದು, ತಂದೆಯು ಮಗನನ್ನು ಕರೆದು ನಿಜವನ್ನು ಹೇಳಿದಾಗ ರೋಹಿತನು ಒಲ್ಲೆನೆಂದು ಒಂದೇ ಮಾತನ್ನಾಡಿ, ಬಿಲ್ಲನ್ನು ತೆಗೆದುಕೊಂಡು ಕಾಡಿಗೆ ಹೊರಟುಹೋದನು. ಈ ಆಖ್ಯಾನದಲ್ಲಿ ತಂದೆಯ ಮನೆಯನ್ನು ಬಿಟ್ಟ ಮೊದಲನೆಯ ಮಗನು ಇವನೇ.

ಇತ್ತ ವರುಣನು ರಾಜನನ್ನು ಹಿಡಿದುದರಿಂದ ಅವನ ಹೊಟ್ಟೆಯು ಉಬ್ಬಿ ಜಲೋದರವಾಯಿತು. ಸುದ್ದಿಯನ್ನು ಕೇಳಿ ಮಗನು ಊರಕಡೆಗೆ ಹೊರಟಾಗಲೆಲ್ಲ ಇಂದ್ರನು ಬ್ರಾಹ್ಮಣವೇಷದಿಂದ ಅಡ್ಡಬಂದು, ನಡೆಯುತ್ತಲೇ ಇರೆಂದು ಹುರಿದುಂಬಿಸಿ ಅವನನ್ನು ಕಾಡಿಗೆ ತಿರುಗಿಸಿದನು. ಆ ಗಾಥೆಗಳು ಈಗ ಸಭೆಗಳಲ್ಲಿ ಉತ್ಸಾಹದ ಮಾತಾಗಿ ಬಳಕೆಯಲ್ಲಿವೆ. ಅವುಗಳನ್ನು ಮೊದಲು ಕೇಳಿದವನು ತಂದೆಯ ಕೈಯ ಸಾವಿಗೂ ತಂದೆಯ ಮೇಲಣ ಮರುಕಕ್ಕೂ ನಡುವೆ ಸಿಕ್ಕಿ ವರ್ಷಗಟ್ಟಲೆ ಅಲೆದ ಹುಡುಗನೆಂಬುದು ಮಾತ್ರ ಮರೆತುಹೋಗಿದೆ.

ಆರನೆಯ ವರ್ಷದಲ್ಲಿ ರೋಹಿತನು ಕಾಡಿನಲ್ಲಿ ಹಸಿವಿನಿಂದ ಬಳಲುತ್ತಿದ್ದ ಒಬ್ಬ ಋಷಿಯನ್ನು ಕಂಡನು. ಸೂಯವಸನ ಮಗನಾದ ಅಜೀಗರ್ತನೆಂದು ಅವನ ಹೆಸರು, ಆಂಗಿರಸ ಕುಲದವನು. ಅವನಿಗೆ ಮೂವರು ಗಂಡುಮಕ್ಕಳು: ಶುನಃಪುಚ್ಛ, ಶುನಃಶೇಪ, ಶುನೋಲಾಂಗೂಲ. ಮೂರು ಹೆಸರುಗಳ ಅರ್ಥವೂ ನಾಯಿಯ ಹಿಂಗಡೆಯ ಅಂಗಕ್ಕೆ ಸಂಬಂಧಿಸಿದ್ದು. ಮಕ್ಕಳಿಗೆ ಹೀಗೆ ಹೆಸರಿಟ್ಟ ಮನೆಯಲ್ಲಿ ಮುಂದೆ ನಡೆಯಲಿರುವುದು ಹೆಸರುಗಳಲ್ಲಿಯೇ ಧ್ವನಿತವಾಗಿರುವಂತೆ ತೋರುತ್ತದೆ. ನೂರು ಗೋವುಗಳನ್ನು ಕೊಡುವೆನು, ಇವರಲ್ಲೊಬ್ಬನನ್ನು ನನಗೆ ಬದಲಾಗಿ ಕೊಡೆಂದು ರೋಹಿತನು ಕೇಳಿದನು. ತಂದೆಯು ಹಿರಿಯವನನ್ನು ತನ್ನ ಕಡೆಗೆ ಎಳೆದುಕೊಂಡು ಇವನನ್ನಲ್ಲವೆಂದನು. ತಾಯಿಯು ಕಿರಿಯವನನ್ನು ಅಪ್ಪಿಕೊಂಡು ಇವನನ್ನಲ್ಲವೆಂದಳು. ನಡುವಿನವನ ವಿಷಯದಲ್ಲಿ ಇಬ್ಬರಿಗೂ ಒಮ್ಮತವಾಯಿತು. ಬ್ರಾಹ್ಮಣಗ್ರಂಥವು ಇದಕ್ಕಾಗಿ ಒಂದೆರಡು ಚಿಕ್ಕ ವಾಕ್ಯಗಳನ್ನಷ್ಟೇ ವ್ಯಯಮಾಡಿದೆ. ಆ ಮಾತು ನಡೆಯುತ್ತಿದ್ದಾಗ ಹುಡುಗನು ಅಲ್ಲಿಯೇ ನಿಂತಿದ್ದಿರಬೇಕು. ಅವನು ಏನನ್ನಾದರೂ ಹೇಳಿದನೆಂದು ಗ್ರಂಥದಲ್ಲಿಲ್ಲ. ಈ ಮೌನವನ್ನು ನೆನಪಿಟ್ಟುಕೊಳ್ಳಬೇಕು.

ಕ್ಷತ್ರಿಯನಿಗಿಂತ ಬ್ರಾಹ್ಮಣನು ಹೆಚ್ಚಾದ ಪಶುವೆಂದು ವರುಣನು ಒಪ್ಪಿದನು. ರಾಜಸೂಯವು ಏರ್ಪಟ್ಟಿತು. ವಿಶ್ವಾಮಿತ್ರನು ಹೋತೃ, ಜಮದಗ್ನಿಯು ಅಧ್ವರ್ಯು, ವಸಿಷ್ಠನು ಬ್ರಹ್ಮ, ಅಯಾಸ್ಯನು ಉದ್ಗಾತೃ. ಲೋಕದ ದೊಡ್ಡವರೆಲ್ಲರೂ ಸೇರಿದ್ದರು. ಆದರೆ ಹುಡುಗನನ್ನು ಯೂಪಕ್ಕೆ ಕಟ್ಟಲು ಒಬ್ಬರೂ ಮುಂದೆ ಬರಲಿಲ್ಲ. ಆಗ ಅಜೀಗರ್ತನು ಮತ್ತೊಂದು ನೂರನ್ನು ಕೊಟ್ಟರೆ ತಾನೇ ಕಟ್ಟುವೆನೆಂದು ಹೇಳಿ, ಪಡೆದು, ಕಟ್ಟಿದನು. ಕೊಲ್ಲುವುದಕ್ಕೂ ಯಾರೂ ದೊರೆಯಲಿಲ್ಲ. ಇನ್ನೂ ಒಂದು ನೂರನ್ನು ಪಡೆದು, ಕತ್ತಿಯನ್ನು ಮಸೆಯುತ್ತ ಅವನೇ ಬಂದನು.

ಇಲ್ಲಿ ಸ್ವಲ್ಪ ನಿಲ್ಲುವುದು ಯುಕ್ತ. ಮೊದಲಿನ ನೂರನ್ನು ಹಸಿವು ತೆಗೆದುಕೊಂಡಿತೆನ್ನಬಹುದು. ಕಾಡಿನಲ್ಲಿ ಐವರ ಹೊಟ್ಟೆಗಿಲ್ಲದೆ ಕುಳಿತವನಿಗೆ ನಾಲ್ವರನ್ನಾದರೂ ಉಳಿಸಿಕೊಳ್ಳುವ ಹಂಬಲವುಂಟಾದರೆ ಅವನನ್ನು ನಿಂದಿಸುವ ಮುನ್ನ ಹೊಟ್ಟೆತುಂಬ ಉಂಡವನು ಯೋಚಿಸಬೇಕು. ಆದರೆ ಎರಡನೆಯ ನೂರನ್ನು ಕೇಳುವ ಹೊತ್ತಿಗೆ ಅವನ ಬಳಿ ನೂರು ಗೋವುಗಳಿದ್ದವು. ಮೂರನೆಯದನ್ನು ಕೇಳುವಾಗ ಇನ್ನೂರು. ಆಖ್ಯಾನಕಾರನು ಬೆಲೆಯನ್ನು ಒಂದೇ ಸಲ ಮುನ್ನೂರೆಂದು ಹೇಳಿ ಮುಗಿಸಬಹುದಾಗಿತ್ತು. ಹಾಗೆ ಮಾಡದೆ ಮೂರು ಕಂತುಗಳಾಗಿ ಒಡೆದಿರುವುದರಲ್ಲಿಯೇ ಅವನ ತೀರ್ಪು ಅಡಗಿದೆ. ಮುಂದೆ ಬಂದ ವ್ಯಾಖ್ಯಾತೃಗಳಲ್ಲಿ ಬಹುಮಂದಿ ಈ ಲೆಕ್ಕವನ್ನು ಮರೆತರೆಂಬುದನ್ನು ಕ್ರಮವಾಗಿ ಕಾಣಬಹುದು.

ತನ್ನನ್ನು ಮನುಷ್ಯನೇ ಅಲ್ಲವೆಂಬಂತೆ ಕೊಲ್ಲುವರಲ್ಲಾ ಎಂದು ಹುಡುಗನು ಯೋಚಿಸಿ, ದೇವತೆಗಳ ಮೊರೆಹೊಕ್ಕನು. ಪ್ರಜಾಪತಿಯು ಅಗ್ನಿಯ ಬಳಿಗೆ, ಅಗ್ನಿಯು ಸವಿತೃವಿನ ಬಳಿಗೆ, ಸವಿತೃವು ವರುಣನ ಬಳಿಗೆ, ಹೀಗೆ ಒಬ್ಬರು ಮತ್ತೊಬ್ಬರ ಬಳಿಗೆ ಕಳುಹಿಸುತ್ತ ಹೋದರು; ಕಚೇರಿಗಳಲ್ಲಿ ಅರ್ಜಿಯನ್ನು ಹಿಡಿದು ತಿರುಗುವವನ ಅವಸ್ಥೆಯೂ ಇಂತಹದೇ. ಕಡೆಯಲ್ಲಿ ಉಷೋದೇವಿಯನ್ನು ಸ್ತುತಿಸುತ್ತಿದ್ದಂತೆ ಒಂದೊಂದು ಋಕ್ಕಿಗೂ ಒಂದೊಂದು ಪಾಶವು ಸಡಿಲಿತು. ರಾಜನ ಹೊಟ್ಟೆಯೂ ಇಳಿಯುತ್ತ ಬಂದಿತು. ಕೊನೆಯ ಋಕ್ಕಿನೊಡನೆ ಹುಡುಗನು ಬಿಡುಗಡೆಹೊಂದಿದನು, ರಾಜನು ಆರೋಗ್ಯವಂತನಾದನು. ಕಟ್ಟಲು ಕೈಯಿಲ್ಲದೆ ಸುಮ್ಮನೆ ನಿಂತಿದ್ದ ಋತ್ವಿಜರೇ ಈಗ ಆ ದಿನದ ಕರ್ಮವನ್ನು ನೀನೇ ನಡೆಸಿಕೊಡೆಂದು ಅವನನ್ನು ಬೇಡಿಕೊಂಡರು. ಪಶುವಾಗಿ ಬಂದವನು ಋಷಿಯಾಗಿ ಸೋಮವನ್ನು ಹಿಂಡುವ ಹೊಸದೊಂದು ಕ್ರಮವನ್ನೇ ಕಂಡನು.

ಆ ಋಕ್ಕುಗಳು ಋಗ್ವೇದದ ಮೊದಲನೆಯ ಮಂಡಲದಲ್ಲಿ ಇಪ್ಪತ್ತನಾಲ್ಕರಿಂದ ಮೂವತ್ತರವರೆಗಿನ ಏಳು ಸೂಕ್ತಗಳಾಗಿ, ಒಟ್ಟು ೯೭ ಋಕ್ಕುಗಳಾಗಿ ಇಂದಿಗೂ ಪಾಠದಲ್ಲಿವೆ. ಶುನಃಶೇಪನು ಮೂರು ಕಂಬಗಳಿಗೆ ಕಟ್ಟಲ್ಪಟ್ಟು ವರುಣನನ್ನು ಕರೆದನೆಂಬ ಮಾತು ಅಲ್ಲಿಯೇ ಬರುತ್ತದೆ. ಆದರೆ ಅಜೀಗರ್ತನ ಹೆಸರಾಗಲಿ, ಮಾರಾಟವಾಗಲಿ, ಕತ್ತಿಯಾಗಲಿ ಆ ಋಕ್ಕುಗಳಲ್ಲಿ ಇಲ್ಲ. ಕಥೆಯನ್ನು ಹೀಗೆ ಹೆಣೆದವರು ಬ್ರಾಹ್ಮಣಕಾಲದವರು. ಅವರ ಕೈವಾಡವು ಎಷ್ಟು ಗಾಢವಾದುದೆಂಬುದಕ್ಕೆ ಮೊದಲನೆಯ ಋಕ್ಕೊಂದೇ ಸಾಕು. ಯಾವ ದೇವನ ಹೆಸರನ್ನು ನೆನೆದರೆ ಅವನು ತನ್ನನ್ನು ಅದಿತಿಗೆ ಮರಳಿ ಕೊಟ್ಟು, ತಂದೆಯನ್ನೂ ತಾಯಿಯನ್ನೂ ಕಾಣುವಂತೆ ಮಾಡುವನು ಎಂಬುದು ಅಲ್ಲಿಯ ಪ್ರಶ್ನೆ. ಸೂಕ್ತವನ್ನು ಪ್ರತ್ಯೇಕವಾಗಿ ಓದಿದರೆ ಅದು ಸಂಕಟದಲ್ಲಿರುವ ಯಾವನಾದರೂ ಆಡಬಹುದಾದ ಸಹಜವಾದ ಹಂಬಲ. ಐತರೇಯದ ಕಥೆಯೊಳಗೆ ಇಟ್ಟು ಓದಿದಾಗಲೋ, ಆ ತಂದೆಯು ಹತ್ತು ಹೆಜ್ಜೆಯ ದೂರದಲ್ಲಿ ಕತ್ತಿಯನ್ನು ಮಸೆಯುತ್ತಿದ್ದಾನೆ. ಮಾರುವಾಗ ಮೌನವಾಗಿದ್ದ ಹುಡುಗನ ಬಾಯಿಂದ ಹೊರಟ ಮೊದಲನೆಯ ಮಾತು ತಂದೆತಾಯಿಗಳನ್ನು ಕಾಣಬೇಕೆಂಬುದು! ತಂದೆಯನ್ನು ಬಿಡುವುದು ಅವನ ಮೊದಲಿನ ಸಂಕಲ್ಪವಾಗಿರಲಿಲ್ಲ.

ಬಿಡುಗಡೆಯಾದೊಡನೆ ಅವನು ಯಾರಿಗೂ ಹೇಳದೆ ಹೋಗಿ ವಿಶ್ವಾಮಿತ್ರನ ತೊಡೆಯ ಮೇಲೆ ಕುಳಿತನು. ಮುಂದಿನ ಸಂವಾದವೇ ಈ ಆಖ್ಯಾನದ ಜೀವಾಳವು. ನನ್ನ ಮಗನನ್ನು ನನಗೆ ಕೊಡೆಂದು ಅಜೀಗರ್ತನು ವಿಶ್ವಾಮಿತ್ರನನ್ನು ಕೇಳಿದನು. ದೇವತೆಗಳು ಇವನನ್ನು ನನಗೆ ಕೊಟ್ಟರೆಂದು ವಿಶ್ವಾಮಿತ್ರನು ಉತ್ತರವಿತ್ತನು. ದೇವರಾತನೆಂಬ ಹೊಸ ಹೆಸರು ಬಂದುದು ಆ ಮಾತಿನಿಂದಲೇ. ಆಗ ತಂದೆಯು ಮಗನ ಕಡೆಗೆ ತಿರುಗಿ, ಹುಟ್ಟಿನಿಂದ ನೀನು ಆಂಗಿರಸನು, ಕವಿಯೆಂದು ಹೆಸರಾದವನು, ಪಿತಾಮಹರ ತಂತುವನ್ನು ಬಿಟ್ಟು ಹೋಗಬೇಡ, ಬಾ ಎಂದನು. ಕವಿಯೆಂದು ಹೆಸರಾದುದು ಅಂದು ಬೆಳಗ್ಗೆ ತಾನೇ, ಅವನೇ ಕಟ್ಟಿದ ಕಂಬದಲ್ಲಿ, ಎಂಬುದು ಆ ತಂದೆಗೆ ಹೊಳೆಯಲಿಲ್ಲವೋ ಏನೋ. ಮಗನು ಹೇಳಿದ ಉತ್ತರವು ನೇರವಾದುದು: ಕೈಯಲ್ಲಿ ಕತ್ತಿಯನ್ನು ಹಿಡಿದ ನಿನ್ನನ್ನು ಎಲ್ಲರೂ ಕಂಡಿದ್ದಾರೆ, ಶೂದ್ರರಲ್ಲಿಯೂ ಕಾಣದ ಕೃತ್ಯವಿದು, ನನಗಿಂತ ಮುನ್ನೂರು ಗೋವುಗಳನ್ನು ನೀನು ಮೇಲೆಂದು ಬಗೆದೆ. ಇಲ್ಲಿ ನಡುವೆ ಬಂದಿರುವ ವರ್ಣನಿಂದೆಯು ಆ ಕಾಲದ ಕಲೆ. ತನ್ನನ್ನು ಮಾರಿದವನೂ ಕಟ್ಟಿದವನೂ ಋಷಿಯೇ ಆಗಿರುವಾಗ, ದೂರವನ್ನು ಅಳೆಯಲು ಹುಡುಗನಿಗೆ ದೊರೆತ ಅಳತೆಗೋಲು ಏನೂ ಅರಿಯದ ಬೇರೊಂದು ಜನವೇ ಆಯಿತೆಂಬುದು ವಿಷಾದಕರ.

ಅಜೀಗರ್ತನು ಇದಕ್ಕೆ ಸಿಟ್ಟಾಗಲಿಲ್ಲ. ತಾನು ಮಾಡಿದ ಪಾಪವು ತನ್ನನ್ನು ಸುಡುತ್ತಿದೆಯೆಂದೂ, ಅದನ್ನು ತೊಡೆದುಹಾಕಬೇಕೆಂದಿರುವೆನೆಂದೂ, ಆ ನೂರುನೂರು ಗೋವುಗಳೂ ನಿನಗೇ ಆಗಲಿಯೆಂದೂ ಹೇಳಿದನು. ಪಶ್ಚಾತ್ತಾಪವು ನಿಜವಾದುದೇ ಇರಬಹುದು. ಅದು ಕಪಟವೆಂದು ಗ್ರಂಥವು ಹೇಳುವುದಿಲ್ಲ. ಆದರೂ ಅವನ ಭಾಷೆಯಲ್ಲಿ ಲೆಕ್ಕವು ಗೋವುಗಳಲ್ಲಿಯೇ ಉಳಿಯಿತು. ಒಮ್ಮೆ ಪಾಪಮಾಡಿದವನು ಮತ್ತೊಮ್ಮೆಯೂ ಮಾಡಬಲ್ಲನು, ನೀನು ಮಾಡಿದುದು ಸಂಧಾನಕ್ಕೆ ಒಳಪಡತಕ್ಕುದಲ್ಲ, ಎಂದು ಮಗನು ಮುಗಿಸಿದನು. ಅಸಂಧೇಯವೆಂಬ ಆ ಪದವನ್ನೇ ಹಿಡಿದು ವಿಶ್ವಾಮಿತ್ರನು ಮಾತನ್ನು ಮುಂದುವರಿಸಿದನು. ಒಡೆದ ಮಡಕೆಯನ್ನೂ ಮುರಿದ ಮೂಳೆಯನ್ನೂ ಕೂಡಿಸುವುದಕ್ಕೆ ಬಳಸುವ ಧಾತುವಿಗೆ ನಿಷೇಧವನ್ನು ಸೇರಿಸಿ ಮಾಡಿದ ಪದವದು. ಅಜೀಗರ್ತನಿಂದ ಮುಂದೆ ಒಂದು ಮಾತೂ ಇಲ್ಲ. ಅವನು ಗೋವುಗಳೊಡನೆ ಹೋದನೇ, ಬಿಟ್ಟು ಹೋದನೇ ಎಂಬುದನ್ನು ಕೂಡ ಆಖ್ಯಾನಕಾರನು ಹೇಳದೆ ಬಿಟ್ಟಿದ್ದಾನೆ.

ಹಾಗೆಂದು ಹುಡುಗನು ಹೊಸ ತಂದೆಯ ಮಡಿಲಿಗೆ ಕಣ್ಣುಮುಚ್ಚಿ ಬಿದ್ದವನಲ್ಲ. ಆಂಗಿರಸನಾದ ನಾನು ನಿನ್ನ ಪುತ್ರತ್ವವನ್ನು ಪಡೆಯುವುದು ಹೇಗೆ, ನಿನ್ನ ಮಕ್ಕಳು ಒಪ್ಪುವರೇ, ಅವರ ಬಾಯಿಂದಲೇ ಕೇಳಿಸು, ಎಂದು ಪಟ್ಟುಹಿಡಿದನು. ಒಮ್ಮೆ ಮಾರಲ್ಪಟ್ಟವನು ಎರಡನೆಯ ಸಲ ಕರಾರನ್ನು ತಾನೇ ಓದಿನೋಡುತ್ತಾನೆ. ವಿಶ್ವಾಮಿತ್ರನಿಗೆ ನೂರೊಂದು ಮಂದಿ ಮಕ್ಕಳು: ಮಧುಚ್ಛಂದಸನಿಗಿಂತ ಹಿರಿಯರು ಐವತ್ತು, ಕಿರಿಯರು ಐವತ್ತು. ಬಂದವನನ್ನು ಜ್ಯೇಷ್ಠನೆಂದು ಒಪ್ಪಿರೆಂದು ತಂದೆಯು ಆಜ್ಞಾಪಿಸಿದಾಗ ಹಿರಿಯ ಐವತ್ತು ಮಂದಿಗೆ ಅದು ಸರಿಯೆನಿಸಲಿಲ್ಲ. ಅವರನ್ನು ವಿಶ್ವಾಮಿತ್ರನು ನಿಮ್ಮ ಸಂತತಿಯು ಎಲ್ಲೆಗಳ ಪಾಲಾಗಲೆಂದು ಶಪಿಸಿದನು. ಆಂಧ್ರ, ಪುಂಡ್ರ, ಶಬರ, ಪುಲಿಂದ, ಮೂತಿಬರೆಂಬ ಗಡಿನಾಡಿನ ಜನಗಳು ಅವರಿಂದಾದರೆಂದು ಗ್ರಂಥವು ಹೇಳುತ್ತದೆ. ಆ ಜನಗಳ ಮೂಲವನ್ನು ಶಾಪದಲ್ಲಿ ಹುಡುಕುವುದು ಆರ್ಯಾವರ್ತದವರ ಅಭಿಮಾನದ ಮಾತೇ ಹೊರತು ಚರಿತ್ರೆಯಲ್ಲ. ಆದರೆ ಕಥೆಯ ನ್ಯಾಯದಲ್ಲಿ ಇದರ ತೂಕವು ಬೇರೆ. ಪರರ ಮಗನಿಗೆ ಇಷ್ಟು ಕರುಣಾಳುವಾದ ಈ ತಂದೆಯು ತನ್ನ ಐವತ್ತು ಮಕ್ಕಳಿಗೆ ಅಜೀಗರ್ತನಿಗಿಂತ ಮೃದುವಾಗಿದ್ದನೆಂದು ಹೇಳಲಾದೀತೇ? ಹರಕೆಯನ್ನು ಹೊತ್ತ ತಂದೆ, ಮಾರಿದ ತಂದೆ, ಶಪಿಸಿದ ತಂದೆ, ಈ ಮೂವರನ್ನೂ ಒಂದೇ ಯಾಗಶಾಲೆಯಲ್ಲಿ ತಂದು ನಿಲ್ಲಿಸಿದವನು ಪಿತೃತ್ವದ ವಿಷಯದಲ್ಲಿ ಭ್ರಮೆಗಳನ್ನು ಇಟ್ಟುಕೊಂಡವನಲ್ಲ. ರೋಹಿತನೂ ತನ್ನ ಪ್ರಾಣವನ್ನು ಇನ್ನೊಬ್ಬನ ಮಗನ ಬೆಲೆಯಿಂದಲೇ ಕೊಂಡುಕೊಂಡನಲ್ಲವೇ!

ಇಂತಹ ಕಥೆಯನ್ನು ಎಲ್ಲಿ ಹೇಳುತ್ತಿದ್ದರೆಂಬುದು ಇನ್ನೂ ಆಶ್ಚರ್ಯಕರವಾದುದು. ರಾಜಸೂಯದಲ್ಲಿ ಅಭಿಷೇಕವಾದ ಮೇಲೆ, ಹೊಸ ರಾಜನ ಎದುರಿಗೆ, ಹೋತೃವು ಚಿನ್ನದ ಆಸನದಲ್ಲಿ ಕುಳಿತು ಇದನ್ನು ಹೇಳಬೇಕು; ಅಧ್ವರ್ಯುವೂ ಅಂತಹುದೇ ಆಸನದಲ್ಲಿ ಕುಳಿತು ಋಕ್ಕಿಗೆ ಓಂ ಎಂದೂ ಗಾಥೆಗೆ ತಥಾ ಎಂದೂ ದನಿಗೂಡಿಸಬೇಕು. ಹೇಳಿದವನಿಗೆ ಸಾವಿರ ಗೋವುಗಳು, ದನಿಗೂಡಿಸಿದವನಿಗೆ ನೂರು. ಪುತ್ರರನ್ನು ಬಯಸುವವರೂ ಇದನ್ನು ಹೇಳಿಸಬೇಕೆಂದು ಅಧ್ಯಾಯದ ಕೊನೆಯಲ್ಲಿ ವಿಧಿಯಿದೆ. ಮಗನು ಬೇಕೆಂದು ಕೈಮುಗಿದು ಕುಳಿತವನ ಕಿವಿಗೆ, ತಂದೆಯನ್ನು ತೊರೆದುಹೋದ ಮಗನ ಕಥೆ! ನಾರದನ ಹತ್ತು ಗಾಥೆಗಳಿಂದ ಆರಂಭಿಸಿ ಅಸಂಧೇಯವೆಂಬ ಪದದವರೆಗೆ ಕೇಳಿದ ತಂದೆಯು ಮನೆಗೆ ಏನನ್ನು ಕೊಂಡೊಯ್ದನೆಂಬುದು ಅವನವನಿಗೆ ಬಿಟ್ಟದ್ದು.

ಮುಂದಿನ ಕಾಲದವರಿಗೆ ಈ ಕಠೋರತೆಯು ಹಿಡಿಸಲಿಲ್ಲ. ವಾಲ್ಮೀಕಿರಾಮಾಯಣದ ಬಾಲಕಾಂಡದಲ್ಲಿ ರಾಜನು ಅಂಬರೀಷನಾದನು, ತಂದೆಯು ಋಚೀಕನಾದನು, ಬೆಲೆಯು ಲಕ್ಷ ಗೋವುಗಳಿಗೆ ಏರಿತು. ಅಲ್ಲಿ ತಂದೆಯು ಹಿರಿಯನನ್ನೂ ತಾಯಿಯು ಕಿರಿಯನನ್ನೂ ಕೊಡೆವೆಂದಾಗ ನಡುವಿನವನು ತಾನೇ ಬಾಯಿಬಿಟ್ಟು, ಹಾಗಾದರೆ ಮಾರಾಟವಾದವನು ನಾನೆಂದು ತಿಳಿಯುತ್ತದೆ, ನನ್ನನ್ನು ಕರೆದುಕೊಂಡು ಹೋಗೆಂದು ರಾಜನಿಗೆ ಹೇಳುತ್ತಾನೆ. ಈ ಕಲ್ಪನೆಯು ಅತ್ಯಂತ ಮನೋಜ್ಞವಾದುದು. ಐತರೇಯದ ಮೌನಕ್ಕೆ ಆದಿಕವಿಯು ಕೊಟ್ಟ ದನಿಯಿದು. ಪುಷ್ಕರದಲ್ಲಿ ವಿಶ್ವಾಮಿತ್ರನ ಮಡಿಲಿಗೆ ಬಿದ್ದು, ತನಗೆ ತಾಯಿಯೂ ಇಲ್ಲ ತಂದೆಯೂ ಇಲ್ಲವೆಂದು ಅಳುವ ಹುಡುಗನನ್ನು ಮರೆಯುವುದು ಕಷ್ಟ. ಆದರೆ ತಂದೆಯು ಅಲ್ಲಿ ಕಟ್ಟುವುದಿಲ್ಲ, ಕತ್ತಿ ಹಿಡಿಯುವುದಿಲ್ಲ, ಯಾಗಶಾಲೆಗೆ ಬರುವುದೇ ಇಲ್ಲ. ಇಂದ್ರನು ದೀರ್ಘಾಯುಸ್ಸನ್ನು ಕೊಡುವುದರೊಡನೆ ಕಥೆಯು ಮುಗಿಯುತ್ತದೆ. ತಂದೆಮಕ್ಕಳು ಮುಖಾಮುಖಿ ನಿಲ್ಲುವ ಪ್ರಸಂಗವೇ ಉಳಿಯಲಿಲ್ಲ. ಮಿಥಿಲೆಯಲ್ಲಿ ಶತಾನಂದನು ಈ ಕಥೆಯನ್ನು ಹೇಳುವಾಗ ಕೇಳುತ್ತ ಕುಳಿತವನು ಶ್ರೀರಾಮನು. ತಂದೆಯ ಮಾತಿಗಾಗಿ ಕಾಡಿಗೆ ಹೋಗಬೇಕಾದವನ ಕಿವಿಗೆ ಆ ಸಂವಾದವನ್ನು ಕವಿಯು ಹೇಗೆ ತಾನೇ ಹಾಕಿಯಾನು?

ಮನುಸ್ಮೃತಿಯ ಹತ್ತನೆಯ ಅಧ್ಯಾಯವು ಇನ್ನೂ ಮುಂದಕ್ಕೆ ಹೋಗಿದೆ. ಆಪದ್ಧರ್ಮವನ್ನು ಹೇಳುತ್ತ, ಹಸಿದ ಅಜೀಗರ್ತನು ಮಗನನ್ನು ಕೊಲ್ಲಹೊರಟರೂ ಕ್ಷುಧೆಯ ಪರಿಹಾರಕ್ಕಾಗಿ ಹಾಗೆ ಮಾಡಿದುದರಿಂದ ಪಾಪವು ಅಂಟಲಿಲ್ಲವೆಂದು ಅದು ತೀರ್ಪುಕೊಟ್ಟಿತು. ಪಾಪವು ತನ್ನನ್ನು ಸುಡುತ್ತಿದೆಯೆಂದು ಅಜೀಗರ್ತನೇ ಹೇಳಿಕೊಂಡಿರುವಾಗ ಸ್ಮೃತಿಕಾರನು ಅವನಿಗಿಂತಲೂ ಅವನ ಪಕ್ಷಪಾತಿಯಾದನು! ಮೂರು ಕಂತುಗಳ ಲೆಕ್ಕವು ಮರೆತುಹೋದುದು ಇಲ್ಲಿಯೇ. ದೇವೀಭಾಗವತದಲ್ಲಿ ಹುಡುಗನು ಬಿಡುಗಡೆಯಾದ ಮೇಲೆ ನಾನು ಯಾರ ಮಗನೆಂದು ಸಭೆಯನ್ನು ಕೇಳುತ್ತಾನೆ. ಹೆತ್ತವನಿಗೆ, ಕೊಂಡವನಿಗೆ, ಬಿಡಿಸಿದ ವರುಣನಿಗೆ ಎಂದು ವಾದಗಳು ನಡೆದು, ಮಂತ್ರವನ್ನು ಕೊಟ್ಟು ಕಾಪಾಡಿದ ವಿಶ್ವಾಮಿತ್ರನಿಗೇ ಸಲ್ಲಬೇಕೆಂದು ವಸಿಷ್ಠನು ನಿರ್ಣಯಿಸುತ್ತಾನೆ. ಫಲವು ಒಂದೇ ಆದರೂ ಮಾತನಾಡುವವರು ಬದಲಾದರು. ಐತರೇಯದಲ್ಲಿ ನಿರ್ಣಯವನ್ನು ಕೊಟ್ಟವನು ಮಗನು.

ಧರ್ಮಶಾಸ್ತ್ರದಲ್ಲಿ ಈ ಹುಡುಗನ ನಡತೆಗೆ ದೊರೆತ ಗತಿಯು ಪ್ರತ್ಯೇಕವಾಗಿ ವಿಚಾರಮಾಡತಕ್ಕದ್ದು. ಮಗನನ್ನು ಕೊಡಲು, ಮಾರಲು, ತ್ಯಜಿಸಲು ತಂದೆತಾಯಿಗಳಿಗೆ ಅಧಿಕಾರವುಂಟೆಂದು ವಸಿಷ್ಠಧರ್ಮಸೂತ್ರವು ಹೇಳುತ್ತದೆ. ಅದೇ ಸೂತ್ರವು ಪುತ್ರಭೇದಗಳನ್ನು ಎಣಿಸುವಲ್ಲಿ, ಕೊಂಡ ಮಗನಿಗೂ, ತಾನಾಗಿ ಬಂದು ಸೇರಿದ ಮಗನಿಗೂ, ಎರಡಕ್ಕೂ ಶುನಃಶೇಪನನ್ನೇ ದೃಷ್ಟಾಂತವಾಗಿ ಕೊಟ್ಟಿದೆ. ಋತ್ವಿಜರೆಲ್ಲರೂ ಅವನು ತಮ್ಮ ಮಗನಾಗಲೆಂದು ಬಯಸಿದರೆಂದೂ, ಅವನು ಯಾರನ್ನು ಇಚ್ಛಿಸುವನೋ ಅವರ ಮಗನಾಗಲೆಂದು ಕಡೆಗೆ ಒಪ್ಪಿಕೊಂಡರೆಂದೂ ಅಲ್ಲಿದೆ. ಮಗನ ಇಚ್ಛೆಯು ನ್ಯಾಯಕ್ಕೆ ಆಧಾರವಾದ ಅಪೂರ್ವಸಂದರ್ಭವಿದು. ಮನುವು ತಾನಾಗಿ ಬಂದ ಇವನನ್ನು ಸ್ವಯಂದತ್ತನೆಂದು ಕರೆದು, ತಂದೆತಾಯಿಗಳಿಲ್ಲದವನು ಅಥವಾ ಕಾರಣವಿಲ್ಲದೆ ಅವರಿಂದ ತ್ಯಕ್ತನಾದವನು ಎಂದು ಲಕ್ಷಣ ಹೇಳಿದನು. ಹೇಳಿ, ಬಂಧುವೆನಿಸಿದರೂ ದಾಯಭಾಗಕ್ಕೆ ಅರ್ಹರಲ್ಲದ ಆರು ಮಂದಿಯಲ್ಲಿ ಅವನನ್ನು ಸೇರಿಸಿದನು. ಐತರೇಯದ ದೇವರಾತನಿಗಾದರೋ ಜಹ್ನುಕುಲದ ಆಧಿಪತ್ಯವೂ ಗಾಥಿಕುಲದ ದೈವವಿದ್ಯೆಯೂ ಎರಡೂ ಜ್ಯೇಷ್ಠಭಾಗವಾಗಿ ಬಂದಿದ್ದವು. ಆಮೇಲೆ ಬಂದ ನಿಬಂಧಕಾರರು ಔರಸನೂ ದತ್ತಕನೂ ಹೊರತು ಉಳಿದ ಪುತ್ರರೆಲ್ಲರೂ ಕಲಿಯುಗದಲ್ಲಿ ವರ್ಜ್ಯರೆಂದರು. ದತ್ತಕನನ್ನು ಕೊಡುವವರು ಹೆತ್ತವರು. ೧೯೫೬ನೆಯ ಇಸವಿಯ ಹಿಂದೂ ದತ್ತಕ ಮತ್ತು ಜೀವನಾಂಶದ ಕಾನೂನು ದತ್ತು ಕೊಡುವುದಕ್ಕೆ ಹಣವನ್ನು ಪಡೆಯುವುದನ್ನು ನಿಷೇಧಿಸಿ, ಅಜೀಗರ್ತನ ಮೊದಲನೆಯ ನೂರಕ್ಕೆ ತಡೆಹಾಕಿತು. ಆದರೆ ಆ ಕಾನೂನಿನಲ್ಲಿಯೂ ಕೊಡುವ ಅಧಿಕಾರವು ತಂದೆತಾಯಿಗಳದು, ಇಲ್ಲವೇ ಪಾಲಕರದು. ಹುಡುಗನು ತಾನಾಗಿ ಎದ್ದುಹೋಗಿ ಇನ್ನೊಬ್ಬರ ತೊಡೆಯ ಮೇಲೆ ಕುಳಿತುಕೊಳ್ಳುವ ದಾರಿಯಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಆಖ್ಯಾನವು ಯೂರೋಪಿನ ಪಂಡಿತರ ಕಣ್ಣಿಗೆ ಬಿದ್ದಿತು. ಮ್ಯಾಕ್ಸ್ ಮುಲ್ಲರನು ೧೮೫೯ರಲ್ಲಿ ಪ್ರಕಟಿಸಿದ ಪ್ರಾಚೀನ ಸಂಸ್ಕೃತ ಸಾಹಿತ್ಯಚರಿತ್ರೆಯಲ್ಲಿ ಇದಕ್ಕೆ ಸ್ಥಾನಕೊಟ್ಟನು. ಮಾರ್ಟಿನ್ ಹೌಗನು ೧೮೬೩ರಲ್ಲಿ ಮುಂಬಯಿಯಲ್ಲಿ ಐತರೇಯವನ್ನು ಭಾಷಾಂತರದೊಡನೆ ಅಚ್ಚುಹಾಕಿಸಿದನು. ಆರ್ಯರಲ್ಲಿ ನರಬಲಿಯು ನಿಜವಾಗಿ ಇತ್ತೇ ಎಂಬ ಚರ್ಚೆಯಲ್ಲಿ ಅವರೂ, ೧೮೭೬ರಲ್ಲಿ ಬರೆದ ರಾಜೇಂದ್ರಲಾಲ ಮಿತ್ರರೂ ಮುಳುಗಿಹೋದರು. ಚರ್ಚೆಯು ಅನಾವಶ್ಯಕವೆಂದಲ್ಲ. ಆದರೆ ಯೂಪವನ್ನು ಇಷ್ಟು ದಿಟ್ಟಿಸಿ ನೋಡಿದವರು ತೊಡೆಯ ಮೇಲೆ ಕುಳಿತ ಹುಡುಗನನ್ನು ಅಷ್ಟಾಗಿ ನೋಡಲಿಲ್ಲ. ತಂದೆಮಕ್ಕಳ ಕಡೆಗೆ ದೃಷ್ಟಿಯು ತಿರುಗಿದುದು ಈಚೆಗೆ. ೧೯೨೯ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಭಾರತೀಯ ಕಥೆಗಳಲ್ಲಿ ಮಗನು ತಂದೆಯನ್ನು ಕೆಡಹುವುದಕ್ಕಿಂತ ತಂದೆಯು ಮಗನನ್ನು ಅಡಗಿಸುವುದೇ ಹೆಚ್ಚೆಂದು ತೋರಿಸಿದರು. ಗಿರೀಶ ಕಾರ್ನಾಡರು ೧೯೬೧ರಲ್ಲಿ ಪ್ರಕಟವಾದ ತಮ್ಮ ಮೊದಲನೆಯ ನಾಟಕಕ್ಕೆ ಯಯಾತಿಯನ್ನು ಆರಿಸಿಕೊಂಡುದೂ ಈ ಸಂದರ್ಭದಲ್ಲಿ ನೆನೆಯತಕ್ಕದ್ದು. ಮಹಾಭಾರತದಲ್ಲಿ ಮುಪ್ಪನ್ನು ಒಲ್ಲೆನೆಂದ ನಾಲ್ವರು ಮಕ್ಕಳು ಶಾಪಕ್ಕೆ ಗುರಿಯಾದರು, ಯೌವನವನ್ನು ಕೊಟ್ಟ ಪೂರುವು ಸಿಂಹಾಸನವನ್ನು ಪಡೆದನು. ಒಲ್ಲೆನೆಂದೂ ಉಳಿದು, ಹೆಸರನ್ನೂ ಪಡೆದವನನ್ನು ಕಾಣಬೇಕಾದರೆ ಐತರೇಯಕ್ಕೇ ಹಿಂದಿರುಗಬೇಕು.

ಹಳೆಯ ಹೆಸರು ಅವನನ್ನು ಪೂರ್ತಿಯಾಗಿ ಬಿಟ್ಟಿತೆಂದೂ ಹೇಳುವಂತಿಲ್ಲ. ಋಗ್ವೇದದ ಸರ್ವಾನುಕ್ರಮಣಿಯು ಆ ಏಳು ಸೂಕ್ತಗಳಿಗೆ ಋಷಿಯನ್ನು ಹೇಳುವಾಗ ಆಜೀಗರ್ತಿಯಾದ ಶುನಃಶೇಪನೆಂದೇ ಮೊದಲು ಹೇಳಿ, ಅವನೇ ಕೃತ್ರಿಮನಾದ ವೈಶ್ವಾಮಿತ್ರ ದೇವರಾತನೆಂದು ಆಮೇಲೆ ಸೇರಿಸುತ್ತದೆ. ಹೀಗಾಗಿ ಋಷಿಯನ್ನು ಸ್ಮರಿಸಿ ಆ ಸೂಕ್ತಗಳನ್ನು ಪಠಿಸುವವರ ನಾಲಗೆಯ ಮೇಲೆ, ಅವನು ತೊರೆದ ತಂದೆಯ ಹೆಸರು ಇಂದಿಗೂ ಮೊದಲು ಬರುತ್ತದೆ. ಪ್ರವರದಲ್ಲಿ ಮಾತ್ರ ಬೇರೆ. ಕೌಶಿಕಗೋತ್ರದ ಮನೆಗಳಲ್ಲಿ ಉಪನಯನವಾದ ಹುಡುಗನು ಹಿರಿಯರಿಗೆ ಅಭಿವಾದನ ಮಾಡುವಾಗ ವೈಶ್ವಾಮಿತ್ರ, ದೈವರಾತ, ಔದಲ ಎಂದು ಮೂವರನ್ನು ಹೇಳುತ್ತಾನೆ. ಆ ಮೂವರಲ್ಲಿ ಅಜೀಗರ್ತನಿಲ್ಲ.